ಆತಂಕ ಯಾವಾಗ ತೊಂದರೆ? ಬಿಟ್ಟುಬಿಟ್ಟ ಕೆಲಸಗಳ ಪಟ್ಟಿಯಿಂದ ಶುರುಮಾಡಿ

ನೇರಳೆ ಮಾರ್ಗದ ಮೆಟ್ರೋವನ್ನು ವಿಜಯನಗರದಲ್ಲಿ ಹತ್ತಿದರೆ ಎಂ.ಜಿ. ರಸ್ತೆಗೆ ಒಂದೇ ರೈಲು. ನನಗೆ ಪರಿಚಯದ ಒಬ್ಬರು ಮಾತ್ರ ಮಾಗಡಿ ರಸ್ತೆ ಸ್ಟೇಷನ್‌ನಲ್ಲೇ ಇಳಿದುಬಿಡುತ್ತಾರೆ. ಅಲ್ಲಿಂದ ಮುಂದೆ ರೈಲು ನೆಲದೊಳಗೆ ಇಳಿಯುತ್ತದೆ. ಸಿಟಿ ರೈಲ್ವೆ ಸ್ಟೇಷನ್, ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್, ಐದೂ ಸುರಂಗದ ಸ್ಟೇಷನ್‌ಗಳು. ಹಾಗಾಗಿ ಅವರು ಹೊರಗೆ ಬಂದು ಆಟೋ ಹುಡುಕುತ್ತಾರೆ, ಚೌಕಾಸಿ ಮಾಡುತ್ತಾರೆ, ಟ್ರಾಫಿಕ್‌ನಲ್ಲಿ ಕೂರುತ್ತಾರೆ. ಕೇಳಿದರೆ “ಆಟೋದಲ್ಲಿ ಗಾಳಿ ಚೆನ್ನಾಗಿ ಬರುತ್ತೆ” ಅನ್ನುತ್ತಾರೆ. ಮೆಜೆಸ್ಟಿಕ್ ಸುತ್ತಮುತ್ತ ಅದೆಂಥ ಗಾಳಿಯೋ!

ಅವರನ್ನು ನೋಡಿದರೆ ಆತಂಕ ಇರುವ ಮನುಷ್ಯ ಅಂತ ಯಾರಿಗೂ ಅನಿಸುವುದಿಲ್ಲ. ನಗುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಇಎಂಐ ಕಟ್ಟುತ್ತಾರೆ. ಎದೆ ಢವಢವ ಅನ್ನುವುದೂ ಈಗ ಕಮ್ಮಿಯಾಗಿದೆ. ಆಗದೆ ಏನು? ಢವಢವ ಅನಿಸುವ ಜಾಗಕ್ಕೆ ಅವರು ಹೋಗುವುದೇ ಇಲ್ಲವಲ್ಲ.

ನಾವು ಸಾಮಾನ್ಯವಾಗಿ “ನನಗೆ ಎಷ್ಟು ಭಯ ಆಗುತ್ತದೆ?” ಅಂತ ಕೇಳಿಕೊಳ್ಳುತ್ತೇವೆ. ನನ್ನ ಪ್ರಕಾರ “ಭಯದಿಂದ ನಾನು ಏನೇನು ಬಿಟ್ಟಿದ್ದೇನೆ?” ಅಂತ ಕೇಳಿಕೊಂಡರೆ ವಿಷಯ ಬೇಗ ಗೊತ್ತಾಗುತ್ತದೆ.

ಮೈಯಲ್ಲಿ ಏನಾಗುತ್ತದೆ

ಆತಂಕ ಪಡುವುದು ತಪ್ಪೂ ಅಲ್ಲ, ಕಾಯಿಲೆಯೂ ಅಲ್ಲ. ಪಿಯುಸಿ ಫಲಿತಾಂಶದ ಹಿಂದಿನ ರಾತ್ರಿ ನಿದ್ದೆ ಬರುವುದಿಲ್ಲ. ಆಫೀಸಿನಲ್ಲಿ ಜನರನ್ನು ತೆಗೆಯುತ್ತಾರಂತೆ ಅನ್ನುವ ಸುದ್ದಿ ಬಂದರೆ ಹೊಟ್ಟೆ ಕಿವುಚುತ್ತದೆ. ಇದೆಲ್ಲ ಸಹಜ. ಸ್ವಲ್ಪ ಆತಂಕ ಇದ್ದರೇ ಮಕ್ಕಳು ಓದುತ್ತಾರೆ, ನಾವು ಹೆಲ್ಮೆಟ್ ಹಾಕಿಕೊಳ್ಳುತ್ತೇವೆ.

ಮೆದುಳಿನೊಳಗೆ ಅಮಿಗ್ಡಲಾ ಅಂತ ಒಂದು ಪುಟ್ಟ ಭಾಗವಿದೆ. ಅಪಾಯ ಕಂಡರೆ ಮೊದಲು ಎಚ್ಚರವಾಗುವುದು ಅದೇ. ಆಗ ರಕ್ತಕ್ಕೆ ಅಡ್ರಿನಲಿನ್ ಸೇರುತ್ತದೆ. ಓಡಬೇಕು ಅಥವಾ ಹೊಡೆದಾಡಬೇಕು ಅಂತ ಮೈ ತಯಾರಾಗುತ್ತದೆ. ಹೃದಯ ಜೋರಾಗಿ ಬಡಿಯುತ್ತದೆ. ಹೊಟ್ಟೆಯ ಕಡೆ ಹೋಗಬೇಕಾದ ರಕ್ತ ಕೈಕಾಲಿನ ಸ್ನಾಯುಗಳಿಗೆ ಹೋಗುತ್ತದೆ. ಅದಕ್ಕೇ ಸಂಕಟ, ವಾಕರಿಕೆ, ಪದೇ ಪದೇ ಟಾಯ್ಲೆಟ್‌ಗೆ ಓಡುವುದು. ಉಸಿರು ಜೋರಾದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಮ್ಮಿಯಾಗುತ್ತದೆ. ತಲೆ ಸುತ್ತುವುದು, ತುಟಿ ಮತ್ತು ಬೆರಳ ತುದಿ ಜುಮ್ಮೆನ್ನುವುದು ಅದರಿಂದ. ಲಕ್ವ ಹೊಡೆಯಿತೇನೋ ಅಂತ ಜನ ಇನ್ನಷ್ಟು ಹೆದರುವುದು ಇಲ್ಲೇ.

ಎದುರಿಗೆ ನಾಯಿ ಬೊಗಳುತ್ತಾ ಬಂದರೆ ಇದೆಲ್ಲ ಬೇಕು. ಬಾಸ್ “ಐದು ನಿಮಿಷ ಮಾತಾಡಬೇಕಿತ್ತು” ಅಂತ ಮೆಸೇಜ್ ಹಾಕಿದಾಗಲೂ ಮೈ ಅದನ್ನೇ ಮಾಡುತ್ತದೆ. ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ.

ಮೊದಲು ಮೈಯನ್ನೇ ಪರೀಕ್ಷೆ ಮಾಡಿಸಿ

ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಎದೆನೋವು ಹೊಸದಾಗಿ ಬಂದಿದ್ದರೆ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುತ್ತಿದ್ದರೆ, ತಣ್ಣನೆ ಬೆವರು, ಏದುಸಿರು ಇದ್ದರೆ ಅದು ಆತಂಕವೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯವಲ್ಲ. 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. “ಗ್ಯಾಸ್ಟ್ರಿಕ್ ಇರಬೇಕು ಬಿಡಿ” ಅಂತ ಸೋಡಾ ಕುಡಿದು ಮಲಗುವ ಅಭ್ಯಾಸ ನಮ್ಮೂರಲ್ಲಿ ಜಾಸ್ತಿ.

ಹೃದಯ ಸರಿ ಇದೆ ಅಂತಾದರೆ ಥೈರಾಯ್ಡ್, ಹಿಮೋಗ್ಲೋಬಿನ್, ಬಿ12, ಸಕ್ಕರೆ ನೋಡಿಸಿ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೆ ಕೈ ನಡುಕ, ಬೆವರು, ಎದೆಬಡಿತ ಎಲ್ಲ ಥೇಟ್ ಆತಂಕದಂತೆಯೇ ಇರುತ್ತದೆ. ಉಬ್ಬಸಕ್ಕೆ ಬಳಸುವ ಕೆಲವು ಇನ್ಹೇಲರ್‌ಗಳಿಂದಲೂ ಎದೆ ಬಡಿತ ಏರುತ್ತದೆ. ಈ ಹಂತ ಒಂದು ವಾರದಲ್ಲಿ ಮುಗಿಯಬೇಕು. ಮುಗಿಯದೆ ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದೀರಾ? ಹಾಗಿದ್ದರೆ ಮುಂದಿನದನ್ನು ನಿಧಾನವಾಗಿ ಓದಿ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡರು. ಬರೀ 46 ವರ್ಷ, ಕಟ್ಟುಮಸ್ತಾದ ಮೈ. ಅದಾದ ಮೇಲೆ ಕೆಲವು ವಾರ ಬೆಂಗಳೂರಿನ ಹೃದಯದ ಆಸ್ಪತ್ರೆಗಳಲ್ಲಿ ತಪಾಸಣೆಗೆ ಜನವೋ ಜನ. ಆ ಹೆದರಿಕೆಯಲ್ಲಿ ಅಸಹಜವಾದದ್ದು ಏನೂ ಇರಲಿಲ್ಲ. ಹೋದರು, ಇಸಿಜಿ ಮಾಡಿಸಿದರು, “ಏನಿಲ್ಲ” ಅಂದಾಗ ಮನೆಗೆ ಬಂದು ಊಟ ಮಾಡಿ ಮಲಗಿದರು. ಆದರೆ ಕೆಲವರಿಗೆ ಆ “ಏನಿಲ್ಲ” ಅನ್ನುವ ಸಮಾಧಾನ ಎರಡು ದಿನವೂ ಉಳಿಯುವುದಿಲ್ಲ. ಇನ್ನೊಂದು ಲ್ಯಾಬ್, ಇನ್ನೊಬ್ಬ ಡಾಕ್ಟರು, ಸ್ಮಾರ್ಟ್‌ವಾಚ್‌ನಲ್ಲಿ ಗಳಿಗೆಗೊಮ್ಮೆ ನಾಡಿ ನೋಡುವುದು, ಜಿಮ್ ಬಿಡುವುದು, ಮೆಟ್ಟಿಲು ಹತ್ತುವುದನ್ನೂ ಬಿಡುವುದು. ಎರಡೂ ಕಡೆ ಭಯ ಒಂದೇ. ಎರಡನೆಯದರಲ್ಲಿ ಬದುಕು ಕಿರಿದಾಗುತ್ತಾ ಹೋಗುತ್ತದೆ.

ಒಂದು ವಾರ ಬರೆದಿಡಿ

ಆಪ್ ಬೇಡ. ಮನೆಯಲ್ಲಿ ಮಕ್ಕಳ ಹಳೇ ನೋಟ್‌ಬುಕ್ ಇರುತ್ತದಲ್ಲ, ಅದು ಸಾಕು. ಯಾವಾಗ, ಏನಾಯಿತು, ಮೈಗೆ ಹೇಗನಿಸಿತು, ಆಮೇಲೆ ಏನು ಮಾಡಿದೆ, ಈ ನಾಲ್ಕನ್ನು ಬರೆಯಿರಿ. ಚೆನ್ನಾಗಿ ಬರೆಯಬೇಕಾಗಿಲ್ಲ. ಹೀಗಿದ್ದರೆ ಸಾಕು:

“ಸೋಮವಾರ, ಬೆಳಿಗ್ಗೆ 8. ಮ್ಯಾನೇಜರ್ ಫೋನ್. ಹೊಟ್ಟೆ ಕಿವುಚಿತು. ಎತ್ತಲಿಲ್ಲ. ಆಮೇಲೆ ಗಾಡಿ ಓಡಿಸುತ್ತಿದ್ದೆ ಅಂತ ಮೆಸೇಜ್ ಹಾಕಿದೆ.”

“ಬುಧವಾರ, ರಾತ್ರಿ 9.40. ಮಗಳು ಇನ್ನೂ ಬಂದಿಲ್ಲ. ಕೈಕಾಲು ತಣ್ಣಗಾಯಿತು. ಐದು ಸಲ ಫೋನ್ ಮಾಡಿದೆ. ಬಸ್ಸಿನಲ್ಲಿದ್ದೀನಿ ಅಂದಳು. ಆದರೂ ಲೊಕೇಶನ್ ಹಾಕಿಸಿಕೊಂಡೆ. ಊಟ ಸೇರಲಿಲ್ಲ.”

“ಶನಿವಾರ, ಸಂಜೆ. ರಿಸೆಪ್ಶನ್. ಛತ್ರದ ಬಾಗಿಲವರೆಗೆ ಹೋಗಿ ವಾಪಸ್ ಬಂದೆವು. ಇವರಿಗೆ ತಲೆನೋವು ಅಂದೆ.”

ವಾರ ಕಳೆದ ಮೇಲೆ ಕೊನೆಯ ಭಾಗವನ್ನಷ್ಟೇ ಓದಿ. ಎತ್ತಲಿಲ್ಲ. ಐದು ಸಲ ಫೋನ್ ಮಾಡಿದೆ. ವಾಪಸ್ ಬಂದೆವು. ಬಿಟ್ಟ ಕೆಲಸಗಳೂ ಇರುತ್ತವೆ, ಭಯಕ್ಕೆ ಸಮಾಧಾನ ಹೇಳಲು ಮಾಡಿದ ಹೆಚ್ಚುವರಿ ಕೆಲಸಗಳೂ ಇರುತ್ತವೆ. ಗ್ಯಾಸ್ ಆಫ್ ಮಾಡಿದ್ದೇನಾ ಅಂತ ಗೇಟಿನಿಂದ ವಾಪಸ್ ಬರುವುದು, ಒಂದು ಇಮೇಲನ್ನು ಹತ್ತು ಸಲ ಓದುವುದು, ಗಂಡನನ್ನು “ರೀ, ಏನೂ ಆಗಲ್ಲ ಅಲ್ವಾ?” ಅಂತ ದಿನವಿಡೀ ಕೇಳುವುದು ಎರಡನೆಯ ಗುಂಪಿಗೆ ಸೇರಿದವು. ಇವು ನಿಮಗೆ ಕಾಳಜಿ ಅನಿಸಬಹುದು. ಪಕ್ಕದಲ್ಲಿರುವವರಿಗೆ ಬೇಗ ಗೊತ್ತಾಗುತ್ತದೆ.

ಮನೆಮಂದಿಯಲ್ಲಿ ಆತಂಕ ಬೇರೆ ಬೇರೆ ವೇಷದಲ್ಲಿ ಬರುತ್ತದೆ. ಮಕ್ಕಳಿಗೆ ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಭಾನುವಾರ ಮಾತ್ರ ಇಲ್ಲ. ಗಂಡಸರಲ್ಲಿ ಎಷ್ಟೋ ಸಲ ಅದು ಸಿಡುಕು. ವಯಸ್ಸಾದವರು “ತಲೆ ಭಾರ, ಎದೆ ಉರಿ, ಕೈಕಾಲು ಸೆಳೆತ” ಅನ್ನುತ್ತಾರೆ. ಚಿಂತೆ ಅನ್ನುವ ಮಾತೇ ಎತ್ತುವುದಿಲ್ಲ.

ಗೆರೆ ಎಲ್ಲಿದೆ

ಈಗ ನೋಟ್‌ಬುಕ್ ಮುಂದಿಟ್ಟುಕೊಂಡು ನೋಡಿ. ಕಾರಣ ಮುಗಿದ ಮೇಲೂ ಆತಂಕ ಉಳಿದಿದೆಯಾ? ಕಾರಣಕ್ಕಿಂತ ಅದು ತೀರಾ ದೊಡ್ಡದಾ? ಅದರಿಂದ ಕೆಲಸ, ಓದು, ನಿದ್ದೆ, ಸಂಬಂಧ ಕೆಡುತ್ತಿದೆಯಾ? ಮೂರನೆಯದಕ್ಕೆ ಹೌದು ಅಂತಾದರೆ ಮೊದಲ ಎರಡಕ್ಕೆ ಉತ್ತರ ಹುಡುಕುತ್ತಾ ಕೂರಬೇಡಿ. ಸಹಾಯ ಕೇಳಲು ಅಷ್ಟೇ ಸಾಕು.

ಡಾಕ್ಟರುಗಳು ಬಳಸುವ ಒಂದು ಸಣ್ಣ ಪ್ರಶ್ನಾವಳಿ ಇದೆ. ಹೆಸರು ಜಿಎಡಿ-7. 2006ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರದಲ್ಲಿ ಈ ಏಳು ತೊಂದರೆಗಳು ಎಷ್ಟು ದಿನ ಕಾಡಿದವು ಅಂತ ಕೇಳುತ್ತದೆ: ಗಾಬರಿ ಅಥವಾ ತಳಮಳ, ಚಿಂತೆಯನ್ನು ನಿಲ್ಲಿಸಲು ಆಗದಿರುವುದು, ಬೇರೆ ಬೇರೆ ವಿಷಯಕ್ಕೆ ಅತಿಯಾದ ಚಿಂತೆ, ಆರಾಮಾಗಿ ಇರಲು ಆಗದಿರುವುದು, ಒಂದೆಡೆ ಕೂರಲಾಗದ ಚಡಪಡಿಕೆ, ಬೇಗ ಸಿಟ್ಟು ಬರುವುದು, ಏನೋ ಕೆಟ್ಟದ್ದಾಗುತ್ತದೆ ಅನ್ನುವ ಭಯ. ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಮ್ಮಿ ದಿನಾ ಅಂದರೆ 3. ಕೂಡಿದರೆ ಜಾಸ್ತಿ ಅಂದರೆ 21. ಮೊತ್ತ 10 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ನೋಡುವುದು ಒಳ್ಳೆಯದು. 15 ಅಥವಾ ಅದಕ್ಕಿಂತ ಮೇಲಿದ್ದರೆ ಮುಂದೂಡಬೇಡಿ. ಇದರಿಂದ ಕಾಯಿಲೆ ಖಚಿತವಾಗುವುದಿಲ್ಲ, ಸೂಚನೆ ಸಿಗುತ್ತದೆ ಅಷ್ಟೇ. ನಮ್ಮ ಮೆಟ್ರೋ ಗೆಳೆಯರಿಗೆ ಇದರಲ್ಲಿ 4 ಬಂದರೂ ಆಶ್ಚರ್ಯವಿಲ್ಲ. ಅವರ ತೊಂದರೆ ಸಿಗುವುದು ಬಿಟ್ಟ ಕೆಲಸಗಳ ಪಟ್ಟಿಯಲ್ಲೇ.

ಎಲ್ಲದಕ್ಕೂ ಚಿಂತೆ ಮಾಡುವ ಸ್ಥಿತಿ ಆರು ತಿಂಗಳಿಗಿಂತ ಜಾಸ್ತಿ, ಹೆಚ್ಚಿನ ದಿನಗಳಲ್ಲಿ ಇದ್ದು, ಜೊತೆಗೆ ಸುಸ್ತು, ಮೈಬಿಗಿತ, ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು ಇಂಥವು ಇದ್ದರೆ ಮನೋವೈದ್ಯರು ಅದನ್ನು ಸಾಮಾನ್ಯೀಕೃತ ಆತಂಕದ ಕಾಯಿಲೆ ಅನ್ನುತ್ತಾರೆ. ಜನರೆದುರು ಮಾತಾಡುವುದು, ಊಟ ಮಾಡುವುದು ಕೂಡ ಕಷ್ಟವಾದರೆ ಅದು ಸಾಮಾಜಿಕ ಆತಂಕ. ಹೆಸರು ಇಡುವ ಕೆಲಸ ವೈದ್ಯರಿಗೆ ಬಿಡಿ.

ಪ್ಯಾನಿಕ್ ಬಂದಾಗ

ಇದನ್ನು ಬೇರೆಯಾಗಿ ಹೇಳಲೇಬೇಕು. ಇದ್ದಕ್ಕಿದ್ದಂತೆ ಉಸಿರು ಕಟ್ಟಿದಂತೆ, ಎದೆ ಹಿಂಡಿದಂತೆ, ಸತ್ತೇಹೋಗುತ್ತೇನೆ ಅನಿಸುವಂತೆ ಆಗುವುದೇ ಪ್ಯಾನಿಕ್ ಅಟ್ಯಾಕ್. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಹೃದಯದ ತೊಂದರೆ ಇಲ್ಲ ಅಂತ ಈಗಾಗಲೇ ಖಚಿತವಾಗಿದ್ದರೆ ಅದನ್ನು ಓಡಿಸಲು ಹೋಗಬೇಡಿ. ಇದ್ದಲ್ಲೇ ನಿಲ್ಲಿ ಅಥವಾ ಕೂರಿ. ಮೂಗಿನಿಂದ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ, ಆರು ಎಣಿಸುತ್ತಾ ಬಿಡಿ. ಬಿಡುವುದು ಉದ್ದವಾಗಿರಬೇಕು. “ಜೋರಾಗಿ ಉಸಿರು ಎಳ್ಕೋ” ಅಂತ ಪಕ್ಕದವರು ಹೇಳುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಆದರೆ ಜೋರಾಗಿ ಎಳೆದರೆ ತಲೆಸುತ್ತು ಇನ್ನೂ ಜಾಸ್ತಿಯಾಗುತ್ತದೆ.

ಅಟ್ಯಾಕ್ ಬಂದ ಜಾಗದಿಂದ ಎದ್ದು ಓಡಿದರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ “ಓಡಿದ್ದಕ್ಕೇ ಬದುಕಿದೆ” ಅಂತ ಮೆದುಳು ಕಲಿತುಬಿಡುತ್ತದೆ. ಮುಂದಿನ ಸಲ ಆ ಜಾಗದ ಹತ್ತಿರ ಹೋಗುವ ಮುಂಚೆಯೇ ಎಚ್ಚರಿಕೆ ಶುರು. ಮೆಟ್ರೋ ಬಿಟ್ಟವರು ಆಮೇಲೆ ಲಿಫ್ಟ್ ಬಿಡುತ್ತಾರೆ, ಸಿನಿಮಾ ಹಾಲ್‌ನಲ್ಲಿ ಬಾಗಿಲ ಪಕ್ಕದ ಸೀಟೇ ಬೇಕು ಅನ್ನುತ್ತಾರೆ.

ಬಿಟ್ಟದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಡಿಯುವುದು

ಆತಂಕದ ಚಿಕಿತ್ಸೆಯಲ್ಲಿ ತುಂಬ ಕೆಲಸ ಮಾಡುವ ಭಾಗ ಇದು. ಭಯದ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಹತ್ತಿರ ಹೋಗಿ, ಭಯ ತಾನಾಗಿ ಇಳಿಯುವವರೆಗೂ ಅಲ್ಲೇ ಇರುವುದು. ಒಂದೇ ಸಲಕ್ಕೆ ನೀರಿಗೆ ತಳ್ಳುವ ಹಾಗಲ್ಲ.

ಮೆಟ್ರೋ ಉದಾಹರಣೆಯನ್ನೇ ನೋಡಿ. ಜನ ಕಮ್ಮಿ ಇರುವ ಭಾನುವಾರ ಬೆಳಿಗ್ಗೆ ಆರಿಸಿಕೊಳ್ಳಿ. ಮೊದಲು ಮಾಗಡಿ ರಸ್ತೆಯಿಂದ ಸಿಟಿ ರೈಲ್ವೆ ಸ್ಟೇಷನ್‌ಗೆ, ಒಂದೇ ಒಂದು ಸ್ಟೇಷನ್, ಜೊತೆಗೆ ಮನೆಯವರೊಬ್ಬರು. ಇಳಿದು, ಪ್ಲಾಟ್‌ಫಾರ್ಮ್‌ನಲ್ಲಿ ಸ್ವಲ್ಪ ಹೊತ್ತು ಕೂತು ವಾಪಸ್. ಅದು ಬೇಜಾರು ಬರುವಷ್ಟು ಸುಲಭವಾಗುವವರೆಗೆ ಅದನ್ನೇ ಮಾಡಿ. ಹೌದು, ಬೇಜಾರೇ ಇಲ್ಲಿ ಗುರಿ. ಆಮೇಲೆ ಮೆಜೆಸ್ಟಿಕ್‌ವರೆಗೆ. ಆಮೇಲೆ ಅದೇ ದೂರ ಒಬ್ಬರೇ. ಆಮೇಲೆ ಐದೂ ಸ್ಟೇಷನ್ ದಾಟಿ ಎಂ.ಜಿ. ರಸ್ತೆ. ಕೊನೆಗೆ ಆಫೀಸ್ ಸಮಯದ ನೂಕುನುಗ್ಗಲಲ್ಲಿ. ಫೋನ್‌ನಲ್ಲಿ ಹಾಡು ಹಾಕಿಕೊಂಡು, ಕಣ್ಣುಮುಚ್ಚಿ, ಮನಸ್ಸಿನಲ್ಲಿ ಸ್ಟೇಷನ್ ಎಣಿಸುತ್ತಾ ಹೇಗೋ ಮುಗಿಸಿದರೆ ಅಷ್ಟು ಉಪಯೋಗವಿಲ್ಲ. ಕಣ್ಣು ಬಿಟ್ಟು, ಎದೆ ಬಡಿಯಲಿ ಬಿಟ್ಟು, ಕೂತಿರಬೇಕು.

ಫೋನ್ ಕಾಲ್‌ಗೆ ಹೆದರುವವರಿಗೆ ಮೊದಲ ಮೆಟ್ಟಿಲು ಗ್ಯಾಸ್ ಬುಕ್ ಮಾಡುವ ಕಾಲ್ ಆಗಬಹುದು. ಮಗಳಿಗೆ ಐದು ಸಲ ಫೋನ್ ಮಾಡುವ ಅಮ್ಮನಿಗೆ ಮೂರು ಸಲ, ಆಮೇಲೆ ಒಂದು ಸಲ. ಮಗಳಿಗೂ ಇದನ್ನು ಮೊದಲೇ ಹೇಳಿಡಿ. ಇಲ್ಲದಿದ್ದರೆ “ಅಮ್ಮ ಯಾಕೆ ಇವತ್ತು ಫೋನ್ ಮಾಡಲಿಲ್ಲ” ಅಂತ ಅವಳಿಗೆ ಆತಂಕ ಶುರುವಾದೀತು!

ತಲೆಯಲ್ಲಿ ಸುತ್ತುವ ಚಿಂತೆಗೆ ಇನ್ನೊಂದು ಉಪಾಯ. ಸಂಜೆ ಇಪ್ಪತ್ತು ನಿಮಿಷ ಅದಕ್ಕೇ ಅಂತ ಮೀಸಲಿಡಿ. ಹಗಲಲ್ಲಿ ಬಂದ ಚಿಂತೆಯನ್ನು ಒಂದು ಸಾಲು ಬರೆದು “ಆರೂವರೆಗೆ ನೋಡೋಣ” ಅಂತ ಮುಂದೂಡಿ. ಆ ಹೊತ್ತಿಗೆ ಅರ್ಧದಷ್ಟು ಚಿಂತೆಗಳು ಸಪ್ಪೆಯಾಗಿರುತ್ತವೆ. ಇದನ್ನು ಮಲಗುವ ಮುಂಚೆ ಮಾತ್ರ ಮಾಡಬೇಡಿ.

ಕಾಫಿ ಬಗ್ಗೆ ಹೇಳಿದರೆ ಬೆಂಗಳೂರಿನವರಿಗೆ ಕೋಪ ಬರುತ್ತದೆ, ಗೊತ್ತು. ಪೂರ್ತಿ ಬಿಡಿ ಅನ್ನುತ್ತಿಲ್ಲ. ಕುಡಿದ ಕೆಫೀನ್‌ನಲ್ಲಿ ಅರ್ಧ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನದ ಮೇಲೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಬಿಟ್ಟು ಒಂದು ವಾರ ನೋಡಿ. ಕುಡಿತದ ವಿಷಯದಲ್ಲಿ ಮಾತ್ರ ನಾನು ಇಷ್ಟು ಸಡಿಲ ಇಲ್ಲ. ಒಂದು ಪೆಗ್ ಹಾಕಿದರೆ ರಾತ್ರಿ ಆತಂಕ ಇಳಿದಂತೆ ಕಾಣುತ್ತದೆ, ಬೆಳಗಿನ ಜಾವ ದುಪ್ಪಟ್ಟಾಗಿ ಎದ್ದು ಕೂರುತ್ತದೆ.

ಯಾರ ಹತ್ತಿರ ಹೋಗುವುದು

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಆತಂಕ, ಖಿನ್ನತೆಯಂಥ ಸಾಮಾನ್ಯ ಮಾನಸಿಕ ತೊಂದರೆ ಇರುವ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಸಿಗುತ್ತಿಲ್ಲ. ನಿಮ್ಹಾನ್ಸ್ ಇರುವ ಊರಿನಲ್ಲೇ ಇದ್ದುಕೊಂಡು ಆ ಸಾಲಿಗೆ ಸೇರುವುದು ಬೇಡ.

ಮನೆಯಿಂದ ಹೊರಡಲು ಧೈರ್ಯ ಸಾಲದಿದ್ದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಸರ್ಕಾರದ ಸೇವೆ, 2022ರ ಅಕ್ಟೋಬರ್ 10ರಿಂದ ಇದೆ. ದಿನದ 24 ಗಂಟೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸತ್ತರೆ ಸಾಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಈಗಲೇ ಆ ನಂಬರಿಗೆ ಮಾಡಿ. ಮನೆಯಲ್ಲಿ ಯಾರನ್ನಾದರೂ ಎಬ್ಬಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ.

ತುರ್ತಿಲ್ಲದಿದ್ದರೆ ನಿಮ್ಮ ಮಾಮೂಲಿ ಡಾಕ್ಟರಿಂದಲೇ ಶುರುಮಾಡಬಹುದು. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲೂ ಮನೋವೈದ್ಯ ವಿಭಾಗವಿದೆ. ನಿಮ್ಹಾನ್ಸ್ ಹೊರರೋಗಿ ವಿಭಾಗಕ್ಕಾದರೆ ಬೆಳಿಗ್ಗೆ ಬೇಗ ಹೋಗಿ, ಕಾಯಬೇಕಾಗುತ್ತದೆ. ಆಧಾರ್, ಹಳೇ ಚೀಟಿಗಳು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಜೊತೆಗಿರಲಿ. ಆ ದೊಡ್ಡ ಆವರಣಕ್ಕೆ ಹೋಗಲು ಮುಜುಗರವಾದರೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಕ್ಷೇಮ ಕೇಂದ್ರವಿದೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮುಂದೆ ಓದಿದವರು, ಮಾತ್ರೆ ಬರೆಯಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಕೊಡುತ್ತಾರೆ, ಅವರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರಬೇಕು. ಕೌನ್ಸೆಲರ್ ಅಂತ ಬೋರ್ಡ್ ಯಾರು ಬೇಕಾದರೂ ಹಾಕಿಕೊಂಡಿರುತ್ತಾರೆ. ಏನು ಓದಿದ್ದೀರಿ, ಎಲ್ಲಿ ತರಬೇತಿ ಅಂತ ಕೇಳಿ. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವವರ ಹತ್ತಿರ ಹೋಗಲೇಬೇಡಿ.

ಮಾತ್ರೆ ಕೊಟ್ಟರೆ ಹುಚ್ಚು ಅಂತಲ್ಲ. ಆತಂಕಕ್ಕೆ ಹೆಚ್ಚಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳ ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ಕೆಲವು ದಿನ ಚಡಪಡಿಕೆ ಜಾಸ್ತಿಯೂ ಆಗಬಹುದು. ಹಾಗಾದರೆ ಡಾಕ್ಟರಿಗೆ ಫೋನ್ ಮಾಡಿ, ನೀವೇ ನಿಲ್ಲಿಸಬೇಡಿ. ತಿಂಗಳುಗಟ್ಟಲೆ ತೆಗೆದುಕೊಂಡ ಮೇಲೆ ಇದ್ದಕ್ಕಿದ್ದಂತೆ ಬಿಡುವುದೂ ಬೇಡ. ಮೆಡಿಕಲ್ ಶಾಪ್‌ನವರು ಪರಿಚಯ ಅಂತ ಚೀಟಿ ಇಲ್ಲದೆ ಆಲ್ಪ್ರಜೋಲಮ್ ಅನ್ನುವ, ಆತಂಕವನ್ನು ತಕ್ಷಣ ಇಳಿಸುವ ಮಾತ್ರೆ ತಂದು ನುಂಗುವವರಿದ್ದಾರೆ. ಅದು ಬೇಗ ಹಿಡಿತಕ್ಕೆ ತೆಗೆದುಕೊಳ್ಳುವ ಮಾತ್ರೆ, ಬಿಡುವುದು ಕಷ್ಟ.

ಮನೆಯವರಿಗೆ ಒಂದು ಮಾತು. “ಏನೂ ಆಗಲ್ಲ ಬಿಡಮ್ಮ” ಅಂತ ನೂರು ಸಲ ಹೇಳಿದರೆ ನೂರಾ ಒಂದನೇ ಸಲವೂ ಕೇಳುತ್ತಾರೆ. “ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು. ಒಂದು ಸ್ಟೇಷನ್ ಹೋಗಿ ಬರೋಣ ಬಾ” ಅನ್ನಿ. ದೇವಸ್ಥಾನಕ್ಕೆ ಹೋಗಿ ಮನಸ್ಸು ಹಗುರಾಗುವುದಾದರೆ ಹೋಗಲಿ. ಡಾಕ್ಟರ ಅಪಾಯಿಂಟ್‌ಮೆಂಟ್ ಇರುವ ದಿನ ಬಿಟ್ಟು.

ಮೊದಲ ಭೇಟಿಯಲ್ಲಿ ಎಲ್ಲಿಂದ ಹೇಳಲಿ ಅಂತ ಗೊತ್ತಾಗದಿದ್ದರೆ ಆ ನೋಟ್‌ಬುಕ್ ಕೊಡಿ. “ಟೆನ್ಶನ್ ಜಾಸ್ತಿ ಡಾಕ್ಟ್ರೇ” ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. “ಎರಡು ವರ್ಷದಿಂದ ಸುರಂಗದ ಮೆಟ್ರೋ ಹತ್ತಿಲ್ಲ, ಈಗ ಲಿಫ್ಟೂ ಬಿಟ್ಟಿದ್ದೇನೆ” ಅಂದರೆ ಕೆಲಸ ಅಲ್ಲೇ ಶುರುವಾಗುತ್ತದೆ. ನೀವು ಹೇಳಿದ್ದನ್ನು ಆಫೀಸಿಗೋ ನೆಂಟರಿಗೋ ಅವರು ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ನಿಮ್ಮ ಹಕ್ಕು ಅನ್ನುತ್ತದೆ. ದೈಹಿಕ ಕಾಯಿಲೆಗಿರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳಲ್ಲಿ ಹೊರರೋಗಿ ಖರ್ಚು ಸೇರಿರುವುದಿಲ್ಲ. ಹೋಗುವ ಮುಂಚೆ ಆಫೀಸಿನ ಎಚ್‌ಆರ್‌ಗೆ “ಪಾಲಿಸಿಯಲ್ಲಿ ಒಪಿಡಿ ಇದೆಯಾ?” ಅಂತ ಕೇಳಿ. ಯಾವ ವಿಭಾಗದ ಡಾಕ್ಟರು ಅಂತ ಅವರಿಗೆ ಹೇಳಬೇಕಾಗಿಲ್ಲ.